65 ವರ್ಷ, ಒಂದೇ ಪಾತ್ರ: ‘ಬೋರಿಂಗ್’ ಅನ್ನಿಸಿಕೊಂಡ ನಟರ ಕಥೆ

ಮೊದಲ ಕೆಲಸದಲ್ಲಿ ನೀವು ಎಷ್ಟು ವರ್ಷ ಇದ್ರಿ? ಎರಡು? ಮೂರು? ಒಂದೇ ಕಡೆ ಐದು ವರ್ಷ ಇದ್ದೆ ಅಂದ್ರೆ ಈಗ ಇಂಟರ್‌ವ್ಯೂನಲ್ಲಿ ‘ಯಾಕೆ?’ ಅಂತ ಕೇಳುವ ಕಾಲ. ಇಂಗ್ಲೆಂಡಿನ ವಿಲಿಯಂ ರೋಚ್ ಅನ್ನುವ ನಟರು 1960ರ ಡಿಸೆಂಬರ್ 9ರ ಶುಕ್ರವಾರ ಸಂಜೆ ಒಂದು ಧಾರಾವಾಹಿಯ ಮೊದಲ ಕಂತಿನಲ್ಲಿ ಕಾಣಿಸಿಕೊಂಡರು. 2025ರ ಏಪ್ರಿಲ್‌ನಲ್ಲಿ ಅವರಿಗೆ 93 ತುಂಬಿತು. ಆಗಲೂ ಅದೇ ಧಾರಾವಾಹಿ, ಅದೇ ಬೀದಿ, ಅದೇ ಪಾತ್ರ.

ಧಾರಾವಾಹಿಯ ಹೆಸರು ‘ಕೊರೊನೇಶನ್ ಸ್ಟ್ರೀಟ್’. ಪಾತ್ರದ ಹೆಸರು ಕೆನ್ ಬಾರ್ಲೊ.

ನಮ್ಮಲ್ಲಿ ಒಂದು ಸೀರಿಯಲ್ ಸಾವಿರ ಕಂತು ಮುಟ್ಟಿದರೆ ಸೆಟ್‌ನಲ್ಲಿ ಕೇಕ್ ಕತ್ತರಿಸಿ ಫೋಟೊ ಹಾಕ್ತಾರೆ. ಇದು 2020ರ ಫೆಬ್ರವರಿಯಲ್ಲಿ ಹತ್ತು ಸಾವಿರ ಕಂತು ದಾಟಿತು. ಹಾಗಂತ ಇದನ್ನು ಬರೀ ದಾಖಲೆಯ ಕಥೆ ಅಂತ ಓದಿದರೆ ಮಜಾ ಇಲ್ಲ. ಇಷ್ಟು ವರ್ಷ ಒಂದೇ ಪಾತ್ರದೊಳಗೆ ಇದ್ದ ಮನುಷ್ಯನನ್ನು ಜನ ಏನಂದರು, ಆ ಮಾತು ಅವರಿಗೆ ಎಷ್ಟು ದುಬಾರಿಯಾಯ್ತು ಅನ್ನುವುದು ಅದಕ್ಕಿಂತ ಕುತೂಹಲದ ವಿಷಯ.

ಊಟದ ಮೇಜಿನ ಆ ಮುಖ

ಮೊದಲು ಆ ಬೀದಿಗೆ ಹೋಗೋಣ. ಟೋನಿ ವಾರೆನ್ ಎಂಬ 24 ವರ್ಷದ ಹುಡುಗ ಮ್ಯಾಂಚೆಸ್ಟರ್‌ನ ಗ್ರನಾಡಾ ಟಿವಿಗೆ ಒಂದು ಕಥೆ ಬರೆದುಕೊಟ್ಟ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಕಾರ್ಮಿಕರ ಬೀದಿ. ಗೋಡೆಗೆ ಗೋಡೆ ಅಂಟಿದ ಇಟ್ಟಿಗೆ ಮನೆಗಳು, ಮೂಲೆಯಲ್ಲೊಂದು ದಿನಸಿ ಅಂಗಡಿ, ತುದಿಯಲ್ಲೊಂದು ಪಬ್. ಊರಿನ ಹೆಸರು ವೆದರ್‌ಫೀಲ್ಡ್. ನಕಾಶೆಯಲ್ಲಿ ಹುಡುಕಬೇಡಿ, ಸಿಗಲ್ಲ; ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್ ಅದಕ್ಕೆ ಮಾದರಿ. ಅಲ್ಲಿಯವರೆಗೆ ಬ್ರಿಟಿಷ್ ಟಿವಿಯಲ್ಲಿ ನಾಜೂಕಿನ ಲಂಡನ್ ಇಂಗ್ಲಿಷ್‌ನದೇ ಕಾರುಬಾರು. ಈ ಬೀದಿಯವರು ತಮ್ಮ ಕಡೆಯ ಮಾತಿನ ಧಾಟಿಯಲ್ಲೇ ಜಗಳ ಆಡಿದರು, ಚಾಡಿ ಹೇಳಿದರು. ಹುಬ್ಬಳ್ಳಿ ಕನ್ನಡವನ್ನೋ ಮಂಡ್ಯ ಕನ್ನಡವನ್ನೋ ಹಾಸ್ಯಕ್ಕಲ್ಲದೆ ಸುಮ್ಮನೆ ಮನೆಮಾತಾಗಿ ತೆರೆ ಮೇಲೆ ಕೇಳಿದಾಗ ಆಗುವ ಖುಷಿ ಇದೆಯಲ್ಲ, ಅಲ್ಲಿಯವರಿಗೆ ಆಗಿದ್ದು ಹೆಚ್ಚುಕಡಿಮೆ ಅದೇ.

ಮೊದಲಿಗೆ ಒಪ್ಪಿಕೊಂಡಿದ್ದು ಬರೀ 13 ಕಂತು. ಪ್ರಸಾರವಾದ ಮರುದಿನವೇ ಒಬ್ಬ ಪತ್ರಿಕಾ ವಿಮರ್ಶಕರು ‘ಇದು ಓಡಲ್ಲ’ ಅಂತ ಬರೆದುಬಿಟ್ಟರು.

ಮೊದಲ ಕಂತು ನೇರ ಪ್ರಸಾರ. ತಪ್ಪಿದರೆ ಇನ್ನೊಂದು ಟೇಕ್ ಇಲ್ಲ. ಅದರಲ್ಲಿ ಬಾರ್ಲೊ ಕುಟುಂಬ ಊಟಕ್ಕೆ ಕೂತಿರುವ ಒಂದು ದೃಶ್ಯವಿದೆ. ಅಪ್ಪ ಫ್ರಾಂಕ್ ಅಂಚೆ ಇಲಾಖೆಯವನು. ಅಮ್ಮ ಐಡಾ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ದೊಡ್ಡ ಮಗ ಕೆನ್ ಕಾಲೇಜು ಮೆಟ್ಟಿಲು ಹತ್ತಿದವನು. ಆ ಬೀದಿಯಲ್ಲಿ ಅದೊಂದು ಸುದ್ದಿ. ಮೇಜಿನ ಮೇಲಿನ ಸಾಸ್ ಬಾಟಲಿಯನ್ನು ಅಮ್ಮ ಅವನತ್ತ ಚಾಚುತ್ತಾಳೆ. ಕೆನ್ ಬೇಡ ಅನ್ನುತ್ತಾನೆ. ಬಾಯಿ ಹೇಳಿದ್ದು ಅಷ್ಟೇ, ಮುಖ ಮಾತ್ರ ಇನ್ನೂ ಏನೇನೋ ಹೇಳುತ್ತೆ. ಅಪ್ಪನಿಗೆ ಅದು ಕಾಣುತ್ತೆ. ಓದಿಸಿದ್ದಕ್ಕೆ ಈಗ ನಮ್ಮ ಊಟದ ರೀತಿಯೇ ನಿನಗೆ ಅಸಹ್ಯವಾಯ್ತಾ ಅನ್ನುವ ಅರ್ಥದಲ್ಲಿ ಅಪ್ಪ ಕೆಣಕುತ್ತಾನೆ. ಮಗ ಆವತ್ತು ಸಂಜೆ ಗೆಳತಿ ಸೂಸನ್‌ಳನ್ನು ಭೇಟಿಯಾಗಬೇಕಿರುವುದು ಅಮ್ಮ ಪಾತ್ರೆಗಳ ನಡುವೆ ದುಡಿಯುವ ಅದೇ ಹೋಟೆಲಿನಲ್ಲಿ. ಅಲ್ಲಿ ದುಡ್ಡು ಸುರಿಯೋದು ಬೇಡ ಅಂತ ಅಪ್ಪ. ಕೊನೆಗೆ ಸೂಸನ್ ಮನೆಗೇ ಬಂದುಬಿಡುತ್ತಾಳೆ. ಅವಳು ಒಳಗೆ ಕಾಲಿಟ್ಟಾಗ ಅಪ್ಪ ಮತ್ತು ತಮ್ಮ ಡೇವಿಡ್ ನಡುಮನೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿರುತ್ತಾರೆ. ಕೆನ್‌ನ ಮುಖ ನೋಡಬೇಕು.

ಇದನ್ನು ವಿವರಿಸಿ ಹೇಳಬೇಕಾ? ಮನೆಯ ಮೊದಲ ಪದವೀಧರ ನೀವಾಗಿದ್ದರೆ, ಆಫೀಸಿನ ಗೆಳೆಯರನ್ನು ಊರಿನ ಮನೆಗೆ ಕರೆದುಕೊಂಡು ಹೋಗುವಾಗ ಬಸ್‌ಸ್ಟ್ಯಾಂಡಿನಿಂದಲೇ ಎದೆಯಲ್ಲಿ ಒಂಥರಾ ಆಗಿದ್ದರೆ, ಕೆನ್ ನಿಮಗೆ ಗೊತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಶಿಕ್ಷಣ ಕಾಯ್ದೆಯಿಂದ ಕಾರ್ಮಿಕರ ಮಕ್ಕಳಿಗೂ ಉನ್ನತ ಓದಿನ ಬಾಗಿಲು ತೆರೆದಿತ್ತು. ಹಾಗೆ ಓದಿ, ಮನೆಗೂ ಪೂರ್ತಿ ಸಲ್ಲದೆ ಹೊರಗೂ ಸಲ್ಲದೆ ನಿಂತ ಒಂದು ಪೀಳಿಗೆಯ ಪ್ರತಿನಿಧಿ ಈ ಹುಡುಗ. ಅವನು ಬೀದಿ ಬಿಟ್ಟು ಹೋಗುತ್ತಾನೆ ಅಂತ ಆವತ್ತು ನೋಡಿದ ಎಲ್ಲರಿಗೂ ಅನ್ನಿಸಿರಬೇಕು. ಹೋಗಲಿಲ್ಲ.

ಪಾತ್ರ ಮಾಡಿದ ರೋಚ್ ಅವರ ಹಿನ್ನೆಲೆ ಮಾತ್ರ ಪೂರ್ತಿ ಉಲ್ಟಾ. ಡರ್ಬಿಶೈರ್‌ನ ಇಲ್ಕೆಸ್ಟನ್‌ನಲ್ಲಿ ವೈದ್ಯರ ಮಗನಾಗಿ ಹುಟ್ಟಿ, ಬೋರ್ಡಿಂಗ್ ಶಾಲೆಯಲ್ಲಿ ಓದಿ, ಸೇನೆಗೆ ಸೇರಿ ಕ್ಯಾಪ್ಟನ್ ಆದವರು. ಕೊಲ್ಲಿ ಪ್ರದೇಶದ ಮರುಭೂಮಿಯಲ್ಲೂ ಕೆಲಸ ಮಾಡಿದ್ದರು. ಸಣ್ಣಪುಟ್ಟ ಪಾತ್ರಗಳಲ್ಲಿ ಮುಖ ತೋರಿಸುತ್ತಿದ್ದ 28ರ ಮಾಜಿ ಸೇನಾಧಿಕಾರಿ, ಅಂಚೆಯವನ ಮಗನಾಗಿ ಕಾಲೇಜು ಹುಡುಗನ ವೇಷ ಹಾಕಿದರು. ಹದಿಮೂರು ಕಂತು ತಾನೇ!

(ಒಂದು ಮಾತು. ಈ ಲೇಖನದಲ್ಲಿ ರೋಚ್ ‘ಅವರು’, ಕೆನ್ ‘ಅವನು’. ಕನ್ನಡದಲ್ಲಿ ನಮಗೆ ಈ ಅನುಕೂಲ ಇದೆ. ಬ್ರಿಟನ್‌ನಲ್ಲಿ ಜನ ಇಬ್ಬರನ್ನೂ ಒಬ್ಬನೇ ಅಂದುಕೊಂಡುಬಿಟ್ಟರು, ತೊಂದರೆ ಶುರುವಾಗಿದ್ದೇ ಅಲ್ಲಿ.)

ಒಬ್ಬನ ತಲೆಗೆ ಇಷ್ಟೊಂದಾ?

ವಾರಕ್ಕೆ ಎರಡು ಕಂತಿನಿಂದ ಶುರುವಾದ ಧಾರಾವಾಹಿ ಮೂರಾಯ್ತು, ನಾಲ್ಕಾಯ್ತು, 2017ರ ಹೊತ್ತಿಗೆ ಆರಕ್ಕೇರಿತು. ಬರೆಯುವವರು ಬದಲಾದರು, ನಿರ್ಮಾಪಕರು ಬದಲಾದರು. ಅಷ್ಟು ಕಂತು ತುಂಬಿಸಬೇಕು ಅಂದ್ರೆ ಪಾತ್ರಗಳ ತಲೆ ಮೇಲೆ ಏನಾದರೂ ಬೀಳುತ್ತಲೇ ಇರಬೇಕು. ಕೆನ್ ತಲೆ ಮೇಲೆ ಬಿದ್ದಿದ್ದರ ಪಟ್ಟಿ ನೋಡಿದರೆ ನಮ್ಮ ಯಾವ ಸೀರಿಯಲ್ ಸೊಸೆಯೂ ಹೊಟ್ಟೆಕಿಚ್ಚು ಪಡಬೇಕು.

ಅಮ್ಮ ಐಡಾ 1961ರಲ್ಲೇ ಬಸ್ಸಿಗೆ ಸಿಕ್ಕಿ ತೀರಿಕೊಂಡಳು. ಮೊದಲ ಹೆಂಡತಿ ವ್ಯಾಲರಿ 1971ರಲ್ಲಿ ಹೇರ್ ಡ್ರೈಯರ್‌ನಿಂದ ಶಾಕ್ ಹೊಡೆದು ಸತ್ತಳು. ಅವಳಿ ಮಕ್ಕಳು ಸ್ಕಾಟ್ಲೆಂಡಿನ ಅಜ್ಜಿ ಮನೆ ಸೇರಿದರು. ಎರಡನೇ ಹೆಂಡತಿ ಜಾನೆಟ್ 1977ರಲ್ಲಿ ಜೀವ ಕಳೆದುಕೊಂಡಳು. ಇದರ ನಡುವೆ ಅವನು ಮೇಷ್ಟ್ರಾದ, ಊರ ಪತ್ರಿಕೆಯ ಸಂಪಾದಕನಾದ, ಕೆಲಸ ಕಳೆದುಕೊಂಡು ಸೂಪರ್ ಮಾರ್ಕೆಟಿನಲ್ಲಿ ಟ್ರಾಲಿ ತಳ್ಳಿದ.

ಆಮೇಲೆ ಬಂದವಳು ಡಿಯರ್‌ಡ್ರಿ. ದೊಡ್ಡ ಕನ್ನಡಕ, ಒರಟು ದನಿ. ನಟಿ ಆ್ಯನ್ ಕರ್ಕ್‌ಬ್ರೈಡ್. ಕೆನ್ ಮತ್ತು ಡಿಯರ್‌ಡ್ರಿ ಮದುವೆ ಪ್ರಸಾರವಾಗಿದ್ದು 1981ರ ಜುಲೈ 27ರಂದು. ಎರಡು ದಿನ ಬಿಟ್ಟು ಚಾರ್ಲ್ಸ್ ಮತ್ತು ಡಯಾನಾ ಮದುವೆ. ಒಂದೇ ವಾರ ಎರಡು ಮದುವೆ, ಎರಡಕ್ಕೂ ಟಿವಿ ಮುಂದೆ ಕೋಟಿಗಟ್ಟಲೆ ಜನ. (ನಮ್ಮ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆ ಹೊತ್ತಿಗೆ ಕೆನ್‌ಗೆ 21 ವರ್ಷ ಸರ್ವಿಸ್ ಆಗಿತ್ತು.)

ಎರಡೇ ವರ್ಷಕ್ಕೆ ಡಿಯರ್‌ಡ್ರಿಯ ಮನಸ್ಸು ಬಟ್ಟೆ ಫ್ಯಾಕ್ಟರಿ ಮಾಲೀಕ ಮೈಕ್ ಬಾಲ್ಡ್‌ವಿನ್ ಕಡೆ ವಾಲಿತು. ಕೆನ್ ಅಂದ್ರೆ ಪುಸ್ತಕ, ಶಾಂತಿ, ಉಪದೇಶ. ಮೈಕ್ ಅಂದ್ರೆ ದುಡ್ಡು, ದೌಲತ್ತು, ಮಾತಿನ ಚುರುಕು. ಅವಳು ಯಾರ ಕಡೆ ಹೋಗ್ತಾಳೆ ಅನ್ನುವುದು 1983ರ ಫೆಬ್ರವರಿಯಲ್ಲಿ ಇಡೀ ಬ್ರಿಟನ್ನಿನ ಚರ್ಚೆ. ಕೊನೆಗೆ ಅವಳು ಗಂಡನ ಜೊತೆಗೇ ಉಳಿದ ರಾತ್ರಿ, ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಪಂದ್ಯ ನಡೀತಿತ್ತು. ಸ್ಕೋರ್‌ಬೋರ್ಡ್‌ನಲ್ಲೇ ಆ ಸುದ್ದಿ ಹಾಕಿದರು! ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆರ್‌ಸಿಬಿ ಆಡ್ತಿರುವಾಗ ಸೀರಿಯಲ್ ಗಂಡ ಹೆಂಡತಿ ರಾಜಿಯಾದರು ಅಂತ ದೊಡ್ಡ ಪರದೆಯಲ್ಲಿ ಬಂದರೆ ಹೇಗಿರುತ್ತೆ, ಹಾಗೆ.

ಸಾಲದು ಅಂತ ಮೂರು ವರ್ಷದ ನಂತರ ಅದೇ ಮೈಕ್, ಕೆನ್‌ನ ಮಗಳು ಸೂಸನ್‌ಳನ್ನೇ ಮದುವೆಯಾದ. ದ್ವೇಷ 20 ವರ್ಷಕ್ಕೂ ಮೀರಿ ನಡೆಯಿತು. 2006ರ ಏಪ್ರಿಲ್‌ನಲ್ಲಿ ಮರೆವಿನ ಕಾಯಿಲೆಯಿಂದ ಜರ್ಜರಿತನಾಗಿದ್ದ ಮೈಕ್ ರಾತ್ರಿ ಹೊತ್ತು ತನ್ನ ಹಳೆಯ ಫ್ಯಾಕ್ಟರಿ ಎದುರಿಗೆ ಬಂದು ಕುಸಿಯುತ್ತಾನೆ. ಅವನನ್ನು ಹಿಡಿದುಕೊಂಡು ರಸ್ತೆ ಮೇಲೆ ಕೂತವನು ಕೆನ್. ಮೈಕ್ ಸಾಯುವುದು ಅವನ ತೋಳಿನಲ್ಲೇ.

ಈ ದೃಶ್ಯವನ್ನು ಬೇರೆ ಯಾರಾದರೂ ಬರೆಯಬಹುದು, ಆದರೆ ಬೇರೆ ಯಾವ ಮಾಧ್ಯಮದಲ್ಲೂ ಇದೇ ಭಾರ ಬರಲ್ಲ ಅಂತ ನನಗನ್ನಿಸುತ್ತೆ. ಸಿನಿಮಾದಲ್ಲಿ 20 ವರ್ಷ ಕಳೆಯಿತು ಅಂತ ಕೂದಲಿಗೆ ಬಿಳಿ ಬಣ್ಣ ಹಚ್ಚುತ್ತಾರೆ. ಇಲ್ಲಿ ಇಬ್ಬರು ನಟರೂ ನಿಜವಾಗಿ ಮುದುಕರಾಗಿದ್ದರು, ನೋಡುತ್ತಿದ್ದವರೂ ಅವರ ಜೊತೆಗೇ ಮುದುಕರಾಗಿದ್ದರು. ನಮ್ಮ ಧಾರಾವಾಹಿಗಳಲ್ಲಿ ‘ಇನ್ನು ಮುಂದೆ ಈ ಪಾತ್ರವನ್ನು ಇವರು ನಿರ್ವಹಿಸಲಿದ್ದಾರೆ’ ಅಂತ ಪರದೆ ಕೆಳಗೆ ಒಂದು ಸಾಲು ಓಡುತ್ತಲ್ಲ, ಬಾರ್ಲೊ ಕುಟುಂಬದಲ್ಲೂ ಅದು ಆಗಿದೆ. ಕೆನ್‌ನ ಮಗ ಪೀಟರ್ ಪಾತ್ರಕ್ಕೆ ಹಲವು ಮುಖಗಳು ಬಂದು ಹೋದವು. ಕೆನ್‌ಗೆ ಮಾತ್ರ ಒಂದೇ ಮುಖ.

ಒಂದು ಪದ, ಒಂದು ಕೇಸ್

ಈಗ ಆ ದುಬಾರಿ ಮಾತಿಗೆ ಬರೋಣ.

ಕೆನ್ ಯಾವಾಗಲೂ ಸರಿಯಾಗಿ ಮಾತಾಡುವವನು. ಸ್ವೆಟರ್ ಹಾಕಿಕೊಂಡು, ಪೇಪರ್ ಓದುತ್ತಾ, ಬೀದಿಯ ಜಗಳಗಳಿಗೆ ನ್ಯಾಯ ಹೇಳುವವನು. ಮೈಕ್ ಬಾಲ್ಡ್‌ವಿನ್‌ನಂಥವರ ಪಕ್ಕದಲ್ಲಿ ಇಂಥವನು ಸಪ್ಪೆ ಕಾಣುವುದು ಸಹಜ. ‘ಬೋರಿಂಗ್ ಕೆನ್’ ಅನ್ನುವುದು ಬ್ರಿಟನ್ನಿನಲ್ಲಿ ಮನೆಮಾತಿನ ತಮಾಷೆಯಾಯ್ತು. 1990ರ ನವೆಂಬರ್‌ನಲ್ಲಿ ‘ದಿ ಸನ್’ ಪತ್ರಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೋರಿಂಗ್ ಆಗಿರುವುದು ಪಾತ್ರ ಮಾತ್ರ ಅಲ್ಲ, ನಟರೂ ಹಾಗೇ, ಜೊತೆಯ ಕಲಾವಿದರಿಗೂ ಅವರನ್ನು ಕಂಡರೆ ಆಗಲ್ಲ ಅನ್ನುವ ಧಾಟಿಯಲ್ಲಿ ಬರೆಯಿತು.

ರೋಚ್ ಮಾನನಷ್ಟ ಮೊಕದ್ದಮೆ ಹಾಕಿದರು. 1991ರಲ್ಲಿ ಗೆದ್ದರು ಕೂಡ. ಜ್ಯೂರಿ 50,000 ಪೌಂಡ್ ಪರಿಹಾರ ಕೊಟ್ಟಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರ್ತಿತ್ತು. ಆದರೆ ಪತ್ರಿಕೆಯವರು ವಿಚಾರಣೆಗೆ ಮೊದಲೇ ರಾಜಿಗೆಂದು ನ್ಯಾಯಾಲಯದಲ್ಲಿ ದುಡ್ಡು ಕಟ್ಟಿಟ್ಟಿದ್ದರು. ಎಷ್ಟು? ಸರಿಯಾಗಿ 50,000 ಪೌಂಡ್. ಆಗ ಅಲ್ಲಿದ್ದ ನಿಯಮ ಏನಪ್ಪಾ ಅಂದ್ರೆ, ಎದುರಾಳಿ ಕಟ್ಟಿಟ್ಟ ಮೊತ್ತ ತಗೊಳ್ಳದೆ ನೀವು ಕೇಸ್ ಮುಂದುವರಿಸಿದರೆ, ಕೊನೆಗೆ ಅದಕ್ಕಿಂತ ಜಾಸ್ತಿ ಗೆಲ್ಲಲೇಬೇಕು. ಇಲ್ಲಾಂದ್ರೆ ಅಲ್ಲಿಂದಾಚೆಗಿನ ಎರಡೂ ಕಡೆ ವಕೀಲರ ಖರ್ಚು ನಿಮ್ಮ ತಲೆಗೆ. ಜ್ಯೂರಿಗೆ ಈ ಠೇವಣಿ ವಿಷಯ ಗೊತ್ತಿರಲಿಲ್ಲ. ಅವರು ಕೊಟ್ಟಿದ್ದೂ ಅಷ್ಟೇ, ಒಂದು ಪೌಂಡ್ ಹೆಚ್ಚಿಲ್ಲ, ಒಂದು ಪೌಂಡ್ ಕಮ್ಮಿಯಿಲ್ಲ. ಮೇಲ್ಮನವಿಯಲ್ಲಿ ಖರ್ಚಿನ ಹೊರೆ ರೋಚ್ ಅವರ ಮೇಲೆ ಬಿತ್ತು. ಸರಿಯಾದ ಸಲಹೆ ಕೊಡಲಿಲ್ಲ ಅಂತ ಸ್ವಂತ ವಕೀಲರ ಮೇಲೇ ಕೇಸ್ ಹಾಕಿದರು, ಅದನ್ನೂ ಸೋತರು. 1999ರಲ್ಲಿ ದಿವಾಳಿ ಘೋಷಿಸಿಕೊಂಡರು. ದೇಶದ ಅತಿ ಜನಪ್ರಿಯ ಧಾರಾವಾಹಿಯ ಅತಿ ಹಳೆಯ ನಟರಿಗೆ ಆಗ 67 ವರ್ಷ.

ನನ್ನ ಕೇಳಿದರೆ ಕೇಸ್ ಹಾಕಬಾರದಿತ್ತು. ಬೋರಿಂಗ್ ಅಲ್ಲ ಅಂತ ಕೋರ್ಟಿನಲ್ಲಿ ನಿರೂಪಿಸುವುದು ಆಗುವ ಹೋಗುವ ಮಾತಾ? ಆದರೂ ಆ ಸಂಕಟ ಅರ್ಥವಾಗುತ್ತೆ. ಮೂವತ್ತು ವರ್ಷ ಒಂದು ಪಾತ್ರವನ್ನು ಸಪ್ಪೆಯಾಗಿ ಕಾಣುವಷ್ಟು ನಂಬಿಕೆಯಾಗುವಂತೆ ಮಾಡಿದ್ದಕ್ಕೆ ಸಿಕ್ಕ ಪ್ರತಿಫಲ, ‘ನೀನೇ ಸಪ್ಪೆ’ ಅನ್ನುವುದು. ಖಳನಟರನ್ನು ಬೀದಿಯಲ್ಲಿ ಬೈದರೆ ಅವರು ಅದನ್ನು ಪ್ರಶಸ್ತಿ ಅಂತ ತಗೋತಾರೆ. ಸಾಧಾರಣ ಮನುಷ್ಯನ ಪಾತ್ರ ಮಾಡುವವರಿಗೆ ಆ ಸೌಲಭ್ಯ ಇಲ್ಲ. ಅಭಿನಯ ಕಾಣದಿದ್ದರೆ ಅಭಿನಯವೇ ಇಲ್ಲ ಅಂದುಕೊಳ್ಳುತ್ತಾರೆ.

ನಮ್ಮಲ್ಲಿ ಪಾತ್ರ ಅಂಟಿಕೊಳ್ಳುವುದು ಬೇರೆ ಥರ. ‘ಮುಖ್ಯಮಂತ್ರಿ’ ನಾಟಕದಿಂದ ಚಂದ್ರು ಅವರು ಮುಖ್ಯಮಂತ್ರಿ ಚಂದ್ರು ಆದರು. ‘ಸಿಹಿಕಹಿ’ ಧಾರಾವಾಹಿಯಿಂದ ಇನ್ನೊಬ್ಬ ಚಂದ್ರು ಸಿಹಿಕಹಿ ಚಂದ್ರು ಆದರು. ಹೆಸರಿನ ಹಿಂದೆ ಪದವಿಯ ಹಾಗೆ ನಿಂತ ಆ ಪದಗಳನ್ನು ಅವರೂ ಪ್ರೀತಿಯಿಂದಲೇ ಹೊತ್ತರು. ರೋಚ್ ಅವರೂ 1993ರಲ್ಲಿ ಬರೆದ ಆತ್ಮಕಥೆಗೆ ‘ಕೆನ್ ಆ್ಯಂಡ್ ಮಿ’ ಅಂತಲೇ ಹೆಸರಿಟ್ಟರು. ಕೆನ್ ಮೊದಲು, ನಾನು ಆಮೇಲೆ.

ಮನೆಯೊಳಗಿನ ಸಾವು, ಸೆಟ್ಟಿನ ಸಾವು

ಕೆನ್‌ನ ದುಃಖಗಳನ್ನು ಬರೆದುಕೊಡಲು ಬರಹಗಾರರಿದ್ದರು. ರೋಚ್ ಅವರ ದುಃಖಗಳು ಹೇಳದೆ ಕೇಳದೆ ಬಂದವು. 1984ರಲ್ಲಿ ಒಂದೂವರೆ ವರ್ಷದ ಮಗಳು ಎಡ್ವಿನಾ ತೀರಿಕೊಂಡಳು. 2009ರಲ್ಲಿ ಹೆಂಡತಿ ಸಾರಾ ಇದ್ದಕ್ಕಿದ್ದಂತೆ ಹೋದರು. ಪ್ರತಿ ಸಲವೂ ಅವರು ಮತ್ತೆ ಸೆಟ್‌ಗೆ ಮರಳಿದರು.

2013ರಲ್ಲಿ ದಶಕಗಳ ಹಿಂದಿನ ಲೈಂಗಿಕ ದೌರ್ಜನ್ಯದ ಆರೋಪಗಳ ಮೇಲೆ ಅವರ ಬಂಧನವಾಯ್ತು. ಧಾರಾವಾಹಿಯಿಂದ ಹೊರಗೆ ಉಳಿಯಬೇಕಾಯ್ತು. ಕಥೆಯಲ್ಲಿ ಕೆನ್ ಕೆನಡಾಗೆ ಹೋಗಿದ್ದಾನೆ ಅಂತ ತೋರಿಸಿದರು. 2014ರ ಫೆಬ್ರವರಿಯಲ್ಲಿ ಪ್ರೆಸ್ಟನ್ ನ್ಯಾಯಾಲಯದಲ್ಲಿ ಜ್ಯೂರಿ ಎಲ್ಲ ಆರೋಪಗಳಿಂದಲೂ ಅವರನ್ನು ಖುಲಾಸೆ ಮಾಡಿತು. ವಿಚಾರಣೆಯಲ್ಲಿ ಅವರ ಪರ ಸಾಕ್ಷಿ ಹೇಳಲು ಬಂದವರಲ್ಲಿ ಆ್ಯನ್ ಕರ್ಕ್‌ಬ್ರೈಡ್ ಕೂಡ ಇದ್ದರು. ಅದೇ ಆಗಸ್ಟ್‌ನಲ್ಲಿ ಕೆನ್ ಮನೆಗೆ ಮರಳಿದ, ಡಿಯರ್‌ಡ್ರಿ ಬಾಗಿಲಲ್ಲಿದ್ದಳು. ಕೆಲವೇ ವಾರಗಳಲ್ಲಿ ಕರ್ಕ್‌ಬ್ರೈಡ್ ರಜೆ ಮೇಲೆ ಹೋದರು. 2015ರ ಜನವರಿ 19ರಂದು ತೀರಿಕೊಂಡರು. ಅವರಿಗೆ 60 ವರ್ಷ.

ಬರಹಗಾರರ ಮುಂದೆ ಎಂಥ ಕಷ್ಟ ನೋಡಿ. ನಟಿ ಇಲ್ಲ, ಪಾತ್ರ ಎಲ್ಲೋ ದೂರದಲ್ಲಿದೆ, ಗಂಡ ಕಾಯುತ್ತಿದ್ದಾನೆ. ಬೇರೆ ಮುಖ ತರಲಿಲ್ಲ. ಆರು ತಿಂಗಳು ಬಿಟ್ಟು, ಡಿಯರ್‌ಡ್ರಿಯ 60ನೇ ಹುಟ್ಟುಹಬ್ಬದ ದಿನ ಮನೆ ತುಂಬ ಜನ ಅವಳಿಗಾಗಿ ಕಾಯುತ್ತಿರುವಾಗ ಸುದ್ದಿ ಬರುವ ಹಾಗೆ ಬರೆದರು. ಅವಳು ಬರಲ್ಲ ಅಂತ ಕೆನ್‌ಗೆ ಗೊತ್ತಾಗುವ ಆ ದೃಶ್ಯದಲ್ಲಿ ಕಿರುಚಾಟ ಇಲ್ಲ. ಮೂರು ಸಲ ಕ್ಯಾಮೆರಾ ಜೂಮ್ ಆಗುವ, ಗುಡುಗು ಹೊಡೆಯುವ ಚಾಳಿ ಅಲ್ಲಿನವರಿಗೆ ಇಲ್ಲ. 83 ವರ್ಷದ ನಟರೊಬ್ಬರು, ಮೂವತ್ತಕ್ಕೂ ಹೆಚ್ಚು ವರ್ಷ ತಮ್ಮ ಜೊತೆ ನಟಿಸಿದವರ ಸಾವಿನ ಸುದ್ದಿಯನ್ನು ಎರಡನೇ ಸಲ ಕೇಳುತ್ತಾ ಕೂತಿದ್ದಾರೆ, ಅಷ್ಟೇ. ಇದರಲ್ಲಿ ಎಷ್ಟು ಕೆನ್, ಎಷ್ಟು ರೋಚ್?

ಬೋರಿಂಗ್ ಅನ್ನುವ ಪದ ಆವತ್ತು ಯಾರಿಗೂ ನೆನಪಾಗಿರಲಿಕ್ಕಿಲ್ಲ.

ಸೂಸನ್‌ಳ ಮಗ

ಇನ್ನೊಂದು ವಿಷಯ ಹೇಳದಿದ್ದರೆ ನಿಮಗೆ ಮೋಸ. ಓಟಿಟಿಯಲ್ಲಿ ‘ವೈಕಿಂಗ್ಸ್’ ನೋಡಿದ್ದೀರಾ? ಅದರಲ್ಲಿ ಕುತಂತ್ರದ ರಾಜ ಎಕ್ಬರ್ಟ್ ಆಗಿ ಮಿಂಚಿದ ಲೈನಸ್ ರೋಚ್ ನಮ್ಮ ವಿಲಿಯಂ ರೋಚ್ ಅವರ ಮಗ. ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ನಲ್ಲಿ ಬ್ರೂಸ್ ವೇನ್‌ನ ಅಪ್ಪನಾಗಿದ್ದವರೂ ಅವರೇ. 1970ರ ದಶಕದಲ್ಲಿ ಚಿಕ್ಕ ಹುಡುಗನಾಗಿದ್ದಾಗ ಕೆನ್‌ನ ಮಗ ಪೀಟರ್ ಪಾತ್ರ ಮಾಡಿದವರಲ್ಲಿ ಅವರೂ ಒಬ್ಬರು.

ಧಾರಾವಾಹಿಗೆ 50 ತುಂಬಿದ 2010ರಲ್ಲಿ ಲೈನಸ್ ಮತ್ತೆ ಬಂದರು, ಈ ಸಲ ಬೇರೆ ಪಾತ್ರದಲ್ಲಿ. ಕಥೆ ಏನು ಗೊತ್ತಾ? 1960ರ ಮೊದಲ ಕಂತಿನಲ್ಲಿ, ಸೈಕಲ್ ರಿಪೇರಿ ನಡೆಯುತ್ತಿದ್ದಾಗ ಮನೆಗೆ ಬಂದಿದ್ದಳಲ್ಲ ಆ ಸೂಸನ್, ಅವಳಿಗೆ ಕೆನ್‌ನಿಂದ ಒಬ್ಬ ಮಗ ಹುಟ್ಟಿದ್ದ. ಕೆನ್‌ಗೆ ಹೇಳಿರಲಿಲ್ಲ. ಆ ಮಗನಾಗಿ ಲೈನಸ್, ಮೊಮ್ಮಗನಾಗಿ ರೋಚ್ ಅವರ ಇನ್ನೊಬ್ಬ ಮಗ ಜೇಮ್ಸ್. ಐವತ್ತು ವರ್ಷದ ಹಿಂದೆ ಬಿಟ್ಟ ದಾರವೊಂದನ್ನು ಹೀಗೆ ಎತ್ತಿಕೊಳ್ಳಬೇಕಾದರೆ ಆವತ್ತು ಆ ಮೇಜಿನ ಮುಂದೆ ಕೂತಿದ್ದವನು ಇನ್ನೂ ಅಲ್ಲೇ ಇರಬೇಕು. ಅವನೊಬ್ಬನೇ ಇದ್ದ.

ಅದೇ ವರ್ಷ ಗಿನ್ನೆಸ್ ದಾಖಲೆ ಸಿಕ್ಕಿತು. ಅದರ ಹಿಂದೆಯೂ ಒಂದು ಸ್ವಾರಸ್ಯ ಇದೆ. ಅಮೆರಿಕದ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಧಾರಾವಾಹಿಯಲ್ಲಿ ಡಾನ್ ಹೇಸ್ಟಿಂಗ್ಸ್ ಎಂಬ ನಟರು 1960ರ ಅಕ್ಟೋಬರ್‌ನಿಂದ ಒಂದೇ ಪಾತ್ರ ಮಾಡುತ್ತಿದ್ದರು, ರೋಚ್ ಅವರಿಗಿಂತ ಎರಡು ತಿಂಗಳು ಸೀನಿಯರ್! 2010ರ ಸೆಪ್ಟೆಂಬರ್‌ನಲ್ಲಿ ಆ ಧಾರಾವಾಹಿಯೇ ನಿಂತುಹೋಯಿತು. 2020ರಲ್ಲಿ 60 ವರ್ಷ ತುಂಬಿದಾಗ ಗಿನ್ನೆಸ್‌ನವರು ಮತ್ತೆ ಬಂದರು. 2022ರಲ್ಲಿ ರಾಣಿಯ ಗೌರವ ಪಟ್ಟಿಯಲ್ಲಿ ‘ಒಬಿಇ’ ಸಿಕ್ಕಿತು.

ಕೆನ್ ಕಥೆಗೆ ಬಂದರೆ, 1960ರಲ್ಲಿ ಅವನಿದ್ದಿದ್ದು ಕೊರೊನೇಶನ್ ಸ್ಟ್ರೀಟ್‌ನ ಮೂರನೇ ನಂಬರ್ ಮನೆಯಲ್ಲಿ. ನಡುವೆ ಅದೇ ಬೀದಿಯ ಬೇರೆ ಮನೆಗಳಲ್ಲೂ ಇದ್ದ, ಇಳಿವಯಸ್ಸಿನಲ್ಲಿ ಹಿರಿಯರ ವಸತಿ ಸಮುಚ್ಚಯವೊಂದಕ್ಕೆ ಹೋಗಿ ವಾಪಸ್ಸೂ ಬಂದ. ಈಗ ಅವನ ವಿಳಾಸ ಒಂದನೇ ನಂಬರ್. ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದ ಮನೆಯ ಪಕ್ಕದ್ದು.